ತಂಡದ ಐದನೆಯವನು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

15 ವರ್ಷದ ಆ ಹುಡುಗನನ್ನು ಪೋಷಕರು "ಮೊಬೈಲ್ ಚಟ ಬಿಡಿಸಿಕೊಡಿ" ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದಿದ್ದರು. ರಾತ್ರಿ 2 ಗಂಟೆಯವರೆಗೆ ಆನ್‌ಲೈನ್ ಆಟ, ಹಗಲು ತರಗತಿಯಲ್ಲಿ ತೂಕಡಿಕೆ. ತಂದೆ ಫೋನ್ ಕಸಿದುಕೊಂಡಾಗ ಗೆಳೆಯನ ಹಳೆಯ ಫೋನ್ ತಂದು ಹೊದಿಕೆಯೊಳಗೆ ಆಡಿದ್ದನು.

ಎರಡನೆಯ ಭೇಟಿಯಲ್ಲಿ ನಾನು ಆಟದ ಬಗೆಗೇ ವಿಚಾರಿಸಿದೆ. ಅವನು ಬಾಯಿಬಿಟ್ಟದ್ದು ಆಗಲೇ. ಆ ವರ್ಷ ಅವನ ಶಾಲೆ ಬದಲಾಗಿತ್ತು. ಹೊಸ ತರಗತಿಯಲ್ಲಿ ಅವನನ್ನು ಮೊದಲು ಹತ್ತಿರಕ್ಕೆ ಸೇರಿಸಿಕೊಂಡವರು ಆಟದ ತಂಡವೊಂದರ ನಾಲ್ವರು ಹುಡುಗರು. ಐದನೆಯವನು ಬಾರದಿದ್ದರೆ ತಂಡ ಸೋಲುತ್ತದೆ, ಒಂದು ದಿನ ತಪ್ಪಿದರೆ ನಿತ್ಯ ಬಹುಮಾನದ ಸರಣಿ ಮುರಿಯುತ್ತದೆ, ಮರುದಿನ ಬಿಡುವಿನ ವೇಳೆಯ ಮಾತೆಲ್ಲ ಹಿಂದಿನ ರಾತ್ರಿಯ ಆಟದ್ದೇ ಆಗಿರುತ್ತದೆ. "ನಾನು ಹೋಗದಿದ್ದರೆ ಬೇರೆಯವನನ್ನು ಹುಡುಕಿಕೊಳ್ಳುತ್ತಾರೆ" ಎಂದಾಗ ಅವನ ದನಿ ನಡುಗಿತು. ಹರೆಯದಲ್ಲಿ ಓರಗೆಯವರ ಮೆಚ್ಚುಗೆಗೆ ಮಿದುಳು ಬಹುಬೇಗ ಮಿಡಿಯುತ್ತದೆ, ಆವೇಗಕ್ಕೆ ಕಡಿವಾಣ ಹಾಕುವ ಅದರ ಮುಂಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ನಿತ್ಯ ಬಹುಮಾನದಂತಹ ಏರ್ಪಾಡುಗಳು ಹಿಡಿಯುವುದು ಈ ಎಳೆಯನ್ನೇ.

2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ವ್ಯಾಧಿ ಸೇರಿದೆ. ಆದರೆ ಹಿಡಿತ ತಪ್ಪುವುದು, ಆಟವೇ ಮಿಕ್ಕೆಲ್ಲಕ್ಕಿಂತ ಮುಖ್ಯವಾಗುವುದು, ಹಾನಿಯಾದರೂ ಮುಂದುವರಿಸುವುದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರಬೇಕು. ಇಲ್ಲಿ ಕೆಲವೇ ತಿಂಗಳಾಗಿದ್ದುದರಿಂದ ಆ ಹೆಸರನ್ನು ನಾನು ಬಳಸಲಿಲ್ಲ. "ಚಟಗಾರ" ಎಂಬ ಮಾತನ್ನು ಮನೆಯಲ್ಲಿ ಆಡಬಾರದೆಂದು ಪೋಷಕರಲ್ಲಿ ಕೇಳಿಕೊಂಡೆ.

ಎರಡು ವಾರ, ಫೋನ್ ಕೈಗೆತ್ತಿಕೊಳ್ಳುವ ಮುನ್ನ ಏನಾಯಿತೆಂದು ಬರೆದಿಡಲು ಹುಡುಗನಿಗೆ ಹೇಳಿದೆ. ಬಹುತೇಕ ಪುಟಗಳಲ್ಲಿ ಇದ್ದುದು ಒಂದೇ: ತಂಡದ ಗುಂಪಿನಿಂದ "ಬಾರೋ" ಎಂಬ ಸಂದೇಶ. ಹಾಗಾಗಿ ತಾನು ರಾತ್ರಿ 10 ಗಂಟೆಗೆ ಆಟ ಬಿಟ್ಟು ಏಳುವುದಾಗಿ ಮೊದಲು ಅತ್ಯಂತ ಆಪ್ತನಾದ ಒಬ್ಬನಿಗೆ, ಬಳಿಕ ಎಲ್ಲರಿಗೂ ತಿಳಿಸಬೇಕೆಂದು ನಿರ್ಧರಿಸಿ, ಆ ಮಾತನ್ನು ನನ್ನೆದುರು ಹಲವು ಬಾರಿ ಆಡಿ ನೋಡಿದನು. ಈ ವಯಸ್ಸಿಗೆ 8ರಿಂದ 10 ಗಂಟೆಗಳ ನಿದ್ದೆ ಬೇಕಾದ್ದರಿಂದ, ತಂದೆತಾಯಿಯರದೂ ಸೇರಿ ಎಲ್ಲ ಫೋನ್‌ಗಳು ರಾತ್ರಿ ಮಲಗುವ ಕೋಣೆಯ ಹೊರಗಿರಬೇಕೆಂದು ಸೂಚಿಸಿದೆ. ತಂದೆ ಇದಕ್ಕೆ ಒಪ್ಪಲು ತಡಮಾಡಿದರು.

ಸರಣಿ ಮುರಿದ ದಿನ ಹುಡುಗ ಅತ್ತನು. ಅದು ಅವನಿಗೆ ನಿಜವಾದ ನಷ್ಟವೇ ಆಗಿತ್ತು. ಸಮಾಧಾನ ಹೇಳಲು ನಾವು ಆತುರಪಡಲಿಲ್ಲ. ಆರನೆಯ ವಾರದ ಹೊತ್ತಿಗೆ ತಂಡದ ಇನ್ನಿಬ್ಬರೂ 10ಕ್ಕೇ ಏಳತೊಡಗಿದ್ದರು. ವಾರಾಂತ್ಯದಲ್ಲಿ ಈಗಲೂ ಹೊತ್ತು ಮೀರುತ್ತದೆ, ಭೇಟಿಗಳು ಮುಂದುವರಿದಿವೆ.