ಮೈಎಸ್‌ಕ್ಯೂಎಲ್ ಡೇಟಾಬೇಸ್ ಸರ್ವರ್ ರಾತ್ರಿ ಹೊತ್ತು ತಾನಾಗಿ ಬೀಳ್ತಿದೆ, ಸ್ಟ್ಯಾಕ್ ಟ್ರೇಸ್ ನೋಡಿ ಬಗ್ ಹಿಡಿಯೋದು ಹೇಗೆ?

ವರ್ಷನ್ ಏರಿಸಿದ್ರೆ ಸರಿಹೋಗುತ್ತಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಈಗ ವರ್ಷನ್ ಮುಟ್ಟಬೇಡಿ. ಸ್ಟ್ಯಾಕ್ ಟ್ರೇಸನ್ನೂ, ಅಂದ್ರೆ ಬೀಳೋ ಹೊತ್ತಿಗೆ ಯಾವ ಫಂಕ್ಷನ್ ಓಡ್ತಿತ್ತು ಅನ್ನೋ ಪಟ್ಟಿಯನ್ನೂ, ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಸಾಗರದ ಮಂಡಿಯಲ್ಲಿ ಆಗ್ತಿರೋದೇ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಯಲ್ಲಿ ನನಗೆ ಆಗಿತ್ತು. ಒಂದಿಡೀ ಮಳೆಗಾಲ ಅದರ ಹಿಂದೆಯೇ ಕಳೆದುಹೋಯ್ತು.

ಅಲ್ಲಿದ್ದದ್ದು ಮೈಎಸ್‌ಕ್ಯೂಎಲ್ 5.7. ರಾಶಿ, ಬೆಟ್ಟೆ, ಸರಕು, ಗೊರಬಲು ಅನ್ನೋ ಅಡಿಕೆ ದರ್ಜೆಗಳ ತೂಕ, ರೈತರ ಪಟ್ಟಿ, ಮುಂಗಡದ ಲೆಕ್ಕ ಎಲ್ಲ ಒಂದೇ ಡೇಟಾಬೇಸಿನಲ್ಲಿ. ನಾನು ಶಿವಮೊಗ್ಗದಲ್ಲಿ ಕೂತು ರಿಮೋಟಿನಲ್ಲಿ ನೋಡಿಕೊಳ್ತಿದ್ದೆ. ಬೆಳಿಗ್ಗೆ ಲಾಗ್ ತೆರೆದರೆ ಸಿಗ್ನಲ್ 6 (ಪ್ರೋಗ್ರಾಂ ತನ್ನನ್ನು ತಾನೇ ನಿಲ್ಲಿಸಿಕೊಂಡ ಗುರುತು), ಅದರ ಕೆಳಗೆ ಟ್ರೇಸ್, ಟ್ರೇಸಿನಲ್ಲಿ ಇನ್ನೋಡಿಬಿಯ (ಡೇಟಾ ಇಟ್ಟು ತೆಗೆಯೋ ಭಾಗ) ಎರರ್ ಮಾನಿಟರ್ ಥ್ರೆಡ್ಡಿನ ಹೆಸರು. ಥ್ರೆಡ್ ಅಂದ್ರೆ ಸರ್ವರಿನೊಳಗೆ ಒಂದು ಕೆಲಸ ನೋಡಿಕೊಳ್ಳೋ ಎಳೆ. ಆ ಹೆಸರು ಹಿಡಿದು ಬಗ್ ರಿಪೋರ್ಟುಗಳನ್ನೆಲ್ಲ ಜಾಲಾಡಿದೆ. ಆದರೆ ಆ ಥ್ರೆಡ್ಡಿನ ಕೆಲಸವೇ ಕಾವಲು. ಬೇರೆ ಯಾವುದೋ ಥ್ರೆಡ್ 600 ಸೆಕೆಂಡಿಗಿಂತ ಹೆಚ್ಚು ಹೊತ್ತು ಇನ್ನೋಡಿಬಿಯ ಒಳಗಿನ ಲಾಕಿಗಾಗಿ (ಸೆಮಾಫೋರ್) ಕಾಯ್ತಾ ನಿಂತರೆ, ಸರ್ವರ್ ಹ್ಯಾಂಗ್ ಆಗಿದೆ ಅಂತ ತೀರ್ಮಾನಿಸಿ ಅದು ಬೇಕಂತಲೇ ಸರ್ವರನ್ನು ಬೀಳಿಸುತ್ತೆ. ಹಾಗಾಗಿ ಟ್ರೇಸಿನಲ್ಲಿ ಸಿಗೋದು ಬೀಳಿಸಿದವನ ಗುರುತು, ಕಾಯಿಸಿದವನದ್ದಲ್ಲ. ಕಾಯಿಸಿದವನ ಸುಳಿವು ಟ್ರೇಸಿಗಿಂತ ಬಹಳ ಮೇಲೆ, 'ಲಾಂಗ್ ಸೆಮಾಫೋರ್ ವೇಯ್ಟ್', 241 ಸೆಕೆಂಡಿನಿಂದ ಕಾಯ್ತಿದೆ ಅನ್ನೋ ಎಚ್ಚರಿಕೆಗಳಲ್ಲಿ ಇರುತ್ತೆ.

ಆ ಎಚ್ಚರಿಕೆಗಳನ್ನು ನೋಡಿದ ಮೇಲೂ ನಾನು ಎಡವಿದ್ದು ಸಮಯದ ವಿಷಯದಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನೀವು ಹಾಕಿರೋ ಲಾಗಿನ ತುಣುಕಿನಲ್ಲೂ ಸಮಯದ ಕೊನೆಗೆ ಝಡ್ ಅಕ್ಷರ ಇದೆ. ಝಡ್ ಇದ್ದರೆ ಅದು ಯುಟಿಸಿ, ಅಂದ್ರೆ ಜಾಗತಿಕ ಪ್ರಮಾಣ ಸಮಯ. 5.7ರಿಂದ ಎರರ್ ಲಾಗಿನ ಡೀಫಾಲ್ಟ್ ಅದೇ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನನ್ನ ಲಾಗಿನಲ್ಲಿ ಕ್ರ್ಯಾಶ್ ಆದದ್ದು 20:52. ನಾನು ರಾತ್ರಿ ಎಂಟು ಐವತ್ತೆರಡು ಅಂದುಕೊಂಡೆ. ಮಂಡಿಯಲ್ಲಿ ದಿನದ ಲೆಕ್ಕ ಮುಗಿಸೋದೂ ಎಂಟೂವರೆ ಸುಮಾರಿಗೆ. ಎರಡೂ ತಾಳೆ ಬಿದ್ದುಬಿಟ್ಟವು! ದಿನದ ಲೆಕ್ಕದ ಕ್ವೆರಿಯನ್ನೇ ತಪ್ಪಿತಸ್ಥ ಮಾಡಿ ಪೂರ್ತಿ ಹೊಸದಾಗಿ ಬರೆದೆ, ಇಂಡೆಕ್ಸ್ ಹಾಕಿದೆ, ಮೆಮೊರಿ ಸೆಟ್ಟಿಂಗ್ ಬದಲಿಸಿದೆ. ಕರ್ನಲ್ ಲಾಗನ್ನೂ (ಆಪರೇಟಿಂಗ್ ಸಿಸ್ಟಂ ತಾನೇ ಬರೆಯೋ ಲಾಗ್) ನೋಡಿದ್ದೆ, ಆದರೆ ಎಂಟೂ ಐವತ್ತರ ಆಸುಪಾಸಿನಲ್ಲಿ. ಅದು ತೋರಿಸೋದು ನಮ್ಮ ಸಮಯ. ಆ ಹೊತ್ತಿನಲ್ಲಿ ಏನೂ ಇರಲಿಲ್ಲ, 'ಹಾರ್ಡ್‌ವೇರ್ ಸರಿಯಾಗಿದೆ' ಅಂತ ಮಾಲೀಕರಿಗೆ ಬರೆದು ಕೊಟ್ಟೆ. ಆ ಒಂದು ಮಾತಿನಿಂದ ಸಾಯ್ತಿದ್ದ ಡಿಸ್ಕಿನ ಮೇಲೆ ಮಂಡಿಯ ಲೆಕ್ಕವೆಲ್ಲ ಇನ್ನೂ ಅಷ್ಟು ವಾರ ಕೂತಿತ್ತು.

ಈ ಗಂಟು ಬಿಡಿಸಿದ್ದು ಅಲ್ಲಿನ ಗುಮಾಸ್ತರು. ಮತ್ತೊಮ್ಮೆ ಬಿದ್ದಾಗ ಫೋನ್ ಮಾಡಿ, "ನಿನ್ನೆ ಎಂಟು ಐವತ್ತರ ಹೊತ್ತಿಗೆ ದಿನದ ಲೆಕ್ಕ ಓಡಿಸ್ತಿದ್ರಾ?" ಅಂತ ಕೇಳಿದೆ.

"ಎಲ್ಲಿ ಮಾರಾಯ್ರೆ, ಎಂಟಕ್ಕೆ ಮೊದಲೇ ಕರೆಂಟು ಹೋಗಿ ಯುಪಿಎಸ್ಸೂ ಸತ್ತಿತ್ತಲ್ಲ. ಬಂದದ್ದು ಹನ್ನೊಂದರ ಮೇಲೆ."

ಆರಿಹೋಗಿದ್ದ ಸರ್ವರ್ ಕ್ರ್ಯಾಶ್ ಆಗೋದು ಹೇಗೆ? ಆಗ ಕಣ್ಣಿಗೆ ಬಿತ್ತು ಝಡ್. 20:52 ಅಂದ್ರೆ ನಮ್ಮ ಬೆಳಗಿನ ಜಾವ 2:22. ಬ್ಯಾಕಪ್ ಶುರುವಾಗೋದು ಎರಡು ಗಂಟೆಗೆ. ಆ ಹೊತ್ತಿನ ಕರ್ನಲ್ ಲಾಗ್ ತೆಗೆದರೆ ಸಾಲು ಸಾಲಾಗಿ ಡಿಸ್ಕ್ ರೀಡ್ ಎರರ್, ಸಾಟಾ ಲಿಂಕ್ (ಡಿಸ್ಕಿನ ಸಂಪರ್ಕ) ರೀಸೆಟ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋ ಸ್ಮಾರ್ಟ್ ವರದಿಯಲ್ಲಿ 197 ನಂಬರಿನ ಸಾಲು, ಓದಲಾಗದೆ ಉಳಿದ ಸೆಕ್ಟರುಗಳ ಲೆಕ್ಕ, ಸೊನ್ನೆ ಇರಲಿಲ್ಲ. ಹಗಲು ಯಾರೂ ಹಳೇ ವರ್ಷಗಳ ಪಟ್ಟಿ ತೆಗೆಯಲ್ಲ, ಹಾಗಾಗಿ ಡಿಸ್ಕಿನ ಕೆಟ್ಟ ಜಾಗಕ್ಕೆ ಯಾರೂ ಹೋಗ್ತಿರಲಿಲ್ಲ. ಬ್ಯಾಕಪ್ಪಿಗೆ ತೆಗೆಯೋ ಡಂಪ್ ಮಾತ್ರ ಟೇಬಲನ್ನು ತುದಿಯಿಂದ ತುದಿಗೆ ಓದುತ್ತೆ. ಒಂದು 16 ಕೆಬಿ ಪೇಜಿಗಾಗಿ (ಇನ್ನೋಡಿಬಿ ಒಂದು ಸಲಕ್ಕೆ ಓದೋ ತುಂಡು) ಡಿಸ್ಕ್ ಹೆಣಗಾಡ್ತಿದ್ರೆ ಹಿಂದಿನವರೆಲ್ಲ ಕಾಯಬೇಕು. ಕೆಲವು ರಾತ್ರಿ ಹೇಗೋ ಓದಿ ಮುಗಿಸ್ತಿತ್ತು, ಕೆಲವು ರಾತ್ರಿ 600 ಸೆಕೆಂಡ್ ದಾಟ್ತಿತ್ತು. ಡಿಸ್ಕ್ ಬದಲಿಸಿದೆವು, ನಿಂತಿತು.

ಹಾಗಾಗಿ ನೀವು ಮೊದಲು ಲಾಗನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಸರ್ವರ್ ತಾನೇ ಮತ್ತೆ ಏಳೋದರಿಂದ ಕೊನೆಯಲ್ಲಿ ಕಾಣೋದೆಲ್ಲ ರಿಕವರಿಯ ಸಾಲುಗಳು, ಅದರಿಂದ ಮೇಲಕ್ಕೆ ಓದ್ತಾ ಹೋಗಬೇಕು. ಕ್ರ್ಯಾಶಿನ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ, ಆಮೇಲೆ ಕರ್ನಲ್ ಲಾಗ್ ನೋಡಿ. ಎರರ್ ಲಾಗಿನಲ್ಲಿ ಸಿಗ್ನಲ್ಲೂ ಇಲ್ಲ, ಟ್ರೇಸೂ ಇಲ್ಲ, ಸುಮ್ಮನೆ ಕತ್ತರಿಸಿದ ಹಾಗಿದ್ದರೆ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರಬಹುದು, ಅದೂ ಕರ್ನಲ್ ಲಾಗಿನಲ್ಲೇ ಬರೆದಿರುತ್ತೆ. ಸಿಗ್ನಲ್ 11 (ಮುಟ್ಟಬಾರದ ಮೆಮೊರಿ ಮುಟ್ಟಿ ಬಿದ್ದ ಗುರುತು) ಇದ್ದು ಪ್ರತಿಸಲವೂ ಅದೇ ಫಂಕ್ಷನ್ನಿನಲ್ಲೇ ಬೀಳ್ತಿದ್ರೆ ಆಗ ಬಗ್ ಹುಡುಕಿ, ಆಗ ಟ್ರೇಸಿಗೆ ಬೆಲೆ. ಒಂದೊಂದು ಸಲ ಒಂದೊಂದು ಕಡೆ ಬೀಳ್ತಿದ್ರೆ ನನ್ನ ಅನುಮಾನ ರ‍್ಯಾಮ್ ಮೇಲೆ.

ಯಾರಾದರೂ ಫೋರ್ಸ್ ರಿಕವರಿ (ಹಾಳಾದ ಡೇಟಾಬೇಸನ್ನು ಬಲವಂತವಾಗಿ ಏಳಿಸೋ ಸೆಟ್ಟಿಂಗ್) 6ಕ್ಕೆ ಇಡಿ ಅಂತ ಸಲಹೆ ಕೊಟ್ಟರೆ ಕೇಳಬೇಡಿ. 4 ಮತ್ತು ಮೇಲಿನ ಮಟ್ಟದಲ್ಲಿ ಡೇಟಾ ಶಾಶ್ವತವಾಗಿ ಹಾಳಾಗಬಹುದು. ನಿಮ್ಮ ಸರ್ವರ್ ಈಗಲೂ ಏಳ್ತಿದೆ, ಅದರ ಅಗತ್ಯವೇ ಇಲ್ಲ. ಬದಲಿಗೆ ಇವತ್ತೇ ಬೇರೆ ಡಿಸ್ಕಿಗೆ ಒಂದು ಡಂಪ್ ತೆಗೆಯಿರಿ, ಅದು ಕೊನೆತನಕ ಮುಗಿಯಿತಾ ನೋಡಿ.

ಸಿಗ್ನಲ್ ಸಾಲು, ಅದರ ಮೇಲಿನ ಎಚ್ಚರಿಕೆಗಳು, ಸ್ಮಾರ್ಟ್ ವರದಿ ಇಷ್ಟನ್ನು ಇಲ್ಲಿ ಹಾಕಿ, ನೋಡ್ತೀನಿ. ಟ್ರೇಸಿನ ಕೆಳಗೆ ಕ್ವೆರಿಯ ಸಾಲು ಬಂದಿದ್ದರೆ ಅದರಲ್ಲಿ ರೈತರ ಹೆಸರು, ಖಾತೆ ನಂಬರ್ ಇರಬಹುದು, ಅಳಿಸಿ ಹಾಕಿ.