ಐಡಿಯಾ ಇದೆ, ಆದರೆ ಕದ್ದುಬಿಡ್ತಾರೆ ಅಂತ ಐಡಿಯಾನ ಇನ್ನೂ ಯಾರಿಗೂ ಹೇಳಿಲ್ಲ. ಕೋಡ್ ಬರೆಯುವ ಕೋ-ಫೌಂಡರ್ ಇಲ್ಲ, ಫಂಡಿಂಗ್ ಇಲ್ಲ. ಸ್ಟಾರ್ಟಪ್ ಗೆಲ್ಲೋಕೆ ಇವೆರಡರಲ್ಲಿ ಮೊದಲು ಯಾವುದು ಬೇಕು?

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೋ-ಫೌಂಡರೂ ಅಲ್ಲ, ಫಂಡಿಂಗೂ ಅಲ್ಲ. "ಕದ್ದುಬಿಡ್ತಾರೆ ಅಂತ ಐಡಿಯಾನ ಇನ್ನೂ ಯಾರಿಗೂ ಹೇಳಿಲ್ಲ" ಅಂದಿದ್ದೀರಲ್ಲ, ಆ ಸಾಲು. ನಾನೂ ಒಂದು ಕಾಲಕ್ಕೆ ಹಾಗೇ ಗುಟ್ಟು ಮಾಡಿಕೊಂಡು ಓಡಾಡಿದವನು.

ನಾನು ಮತ್ತು ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಸೇರಿ ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾಡಿದೆವು. ಕೋಡ್ ಅವನದು, ಮಿಕ್ಕಿದ್ದೆಲ್ಲ ನನ್ನದು. ಅಂದರೆ ನೀವೀಗ ಹುಡುಕುತ್ತಿರುವ ಕೋ-ಫೌಂಡರ್ ನಮಗೆ ಮೊದಲ ದಿನವೇ ಇದ್ದ. ಸ್ವಲ್ಪ ದುಡ್ಡೂ ಸಿಕ್ಕಿತ್ತು. ಆದರೂ ಮುಳುಗಿದೆವು.

ಶುರುವಿನಲ್ಲಿ ನಾನು ಕೆಲವು ವೈದ್ಯರ ಹತ್ತಿರ ಹೋಗಿ ಸ್ಲೈಡ್ ತೋರಿಸಿದೆ. ಪೂರ್ತಿ ಹೇಳುತ್ತಿರಲಿಲ್ಲ, ಗುಟ್ಟು ನೋಡಿ! "ಇಂಥದ್ದೊಂದು ಬಂದರೆ ಬಳಸ್ತೀರಾ?" ಅಂತ ಕೇಳಿದೆ. "ಓ, ಖಂಡಿತ. ರೆಡಿ ಆದಮೇಲೆ ತನ್ನಿ" ಅಂದರು. ನನಗೆ ಅಷ್ಟೇ ಸಾಕಾಯಿತು. ಹೊರಗೆ ಬಂದವನೇ ಅವರನ್ನೆಲ್ಲ ಗ್ರಾಹಕರ ಪಟ್ಟಿಗೆ ಸೇರಿಸಿದೆ. ಆಮೇಲೆ ಬಾಗಿಲು ಹಾಕಿಕೊಂಡು ಕೂತು ಕಟ್ಟಿದೆವು. ರಿಮೈಂಡರ್ ಮೆಸೇಜ್, ತಿಂಗಳ ರಿಪೋರ್ಟ್, ಬಣ್ಣಬಣ್ಣದ ಗ್ರಾಫ್, ಎಲ್ಲ ಇತ್ತು.

ಹಾಕಿ ಕೊಟ್ಟ ಮೇಲೆ ವೈದ್ಯರು ಖುಷಿಯಾಗಿದ್ದರು. ಆದರೆ ಸರ್ವರ್‌ನಲ್ಲಿ ನೋಡಿದರೆ ಒಂದು ವಿಚಿತ್ರ. ಬೆಳಗ್ಗೆಯಿಂದ ಸಂಜೆಯವರೆಗೆ ಒಂದೂ ಎಂಟ್ರಿ ಇಲ್ಲ. ಕ್ಲಿನಿಕ್ ಮುಚ್ಚುವ ಹೊತ್ತಿಗೆ ಅಷ್ಟೂ ಒಟ್ಟಿಗೆ ಬಂದು ಬೀಳುತ್ತಿದ್ದವು. ನೆಟ್‌ವರ್ಕ್ ತೊಂದರೆ ಇರಬೇಕು ಅಂದುಕೊಂಡೆವು. ಅದನ್ನು ಸರಿಮಾಡಲು ಒಂದಷ್ಟು ಕೋಡ್ ಬೇರೆ ಬರೆದೆವು!

ಕೊನೆಗೆ ಒಂದು ಕ್ಲಿನಿಕ್‌ಗೆ ಹೋಗಿ ರಿಸೆಪ್ಷನಿಸ್ಟ್ ಪಕ್ಕದಲ್ಲಿ ಸುಮ್ನೆ ಕೂತೆ. ಕಿವಿಗೂ ಭುಜಕ್ಕೂ ನಡುವೆ ಫೋನ್ ಒತ್ತಿಕೊಂಡು, ಗೆರೆ ಎಳೆದ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು. ಅಳಿಸೋದು, ಮತ್ತೆ ಬರೆಯೋದು. ಕೆಲವು ಹೆಸರುಗಳ ಪಕ್ಕ ಚಿಕ್ಕ ಚುಕ್ಕೆ. ಏನಿದು ಅಂತ ಕೇಳಿದೆ. "ಇವರು ಯಾವಾಗಲೂ ಲೇಟಾಗಿ ಬರ್ತಾರೆ ಸಾರ್. ಅದಕ್ಕೆ ಅದೇ ಟೈಮಿಗೆ ಇನ್ನೊಬ್ಬರಿಗೂ ಬರೋಕೆ ಹೇಳಿರ್ತೀನಿ" ಅಂದರು. ನಮ್ಮ ಸಾಫ್ಟ್‌ವೇರ್ ಒಂದು ಸಮಯಕ್ಕೆ ಇಬ್ಬರನ್ನು ಹಾಕಲು ಬಿಡುತ್ತಲೇ ಇರಲಿಲ್ಲ. "ಈ ಸಮಯ ಈಗಾಗಲೇ ಬುಕ್ ಆಗಿದೆ" ಅಂತ ಕೆಂಪಕ್ಷರದಲ್ಲಿ ಬೈಯುತ್ತಿತ್ತು. ಆ ತಡೆಯ ಬಗ್ಗೆ ನನ್ನ ಗೆಳೆಯನಿಗೆ ಭಾರೀ ಹೆಮ್ಮೆ. ಜೊತೆಗೆ ಹುಟ್ಟಿದ ದಿನಾಂಕ ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಫೋನ್‌ನಲ್ಲಿ ಕಾಯುತ್ತಿರುವವರ ಹತ್ತಿರ ಯಾರು ಅದನ್ನೆಲ್ಲ ಕೇಳುತ್ತಾ ಕೂರುತ್ತಾರೆ? ಹಾಗಾಗಿ ದಿನವಿಡೀ ನೋಟ್‌ಬುಕ್, ಸಂಜೆ ಡಾಕ್ಟರ ಗ್ರಾಫಿಗೋಸ್ಕರ ನಮ್ಮ ಸಾಫ್ಟ್‌ವೇರ್. ಅವರಿಗೆ ನಾವು ಕೊಟ್ಟಿದ್ದು ಎರಡರಷ್ಟು ಕೆಲಸ.

ಇಲ್ಲಿ ನಮ್ಮ ತಪ್ಪು ಏನು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಜನ ಇದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ. "ನೀವು ಬಳಕೆದಾರರ ಹತ್ತಿರ ಮಾತಾಡಲಿಲ್ಲ" ಅಂತಾರೆ. ಮಾತಾಡಿದ್ದೆವು! ಕೇಳಿದ ಪ್ರಶ್ನೆ ಕೆಟ್ಟದ್ದಾಗಿತ್ತು. "ಬಳಸ್ತೀರಾ" ಅಂದರೆ ಹೂಂ ಅನ್ನೋಕೆ ಯಾರಿಗೂ ಏನೂ ಖರ್ಚಿಲ್ಲ. ಎದುರಿಗೆ ಆಸೆಯಿಂದ ಕೂತವನಿಗೆ ಇಲ್ಲ ಅನ್ನೋದೇ ಕಷ್ಟ. ಅದರ ಬದಲು "ಹೋದ ವಾರ ಅಪಾಯಿಂಟ್‌ಮೆಂಟ್ ಎಲ್ಲಿ ಎಡವಟ್ಟಾಯಿತು? ಆಗ ಏನು ಮಾಡಿದಿರಿ?" ಅಂತ ಕೇಳಿದ್ದರೆ ಡಾಕ್ಟರು "ನಂಗೊತ್ತಿಲ್ಲ, ಹೊರಗೆ ಕೇಳಿ" ಅಂತ ರಿಸೆಪ್ಷನ್ ಕಡೆ ಕೈ ತೋರಿಸುತ್ತಿದ್ದರು. ನೋಟ್‌ಬುಕ್ ಅವತ್ತೇ ಕಣ್ಣಿಗೆ ಬೀಳುತ್ತಿತ್ತು. ದುಡ್ಡು ಕೊಡುವವರು ಬೇರೆ, ದಿನಾ ಕೈಯಲ್ಲಿ ಹಿಡಿಯುವವರು ಬೇರೆ. ನಾನು ಮೊದಲನೆಯವರ ಹತ್ತಿರ ಮುಂದೆ ಆಗಬಹುದಾದ್ದನ್ನು ಕೇಳಿದೆ. ಎರಡನೆಯವರ ಹತ್ತಿರ ಆಗಲೇ ಆಗಿಹೋದದ್ದನ್ನು ಕೇಳಬೇಕಿತ್ತು. ಆ ಒಂದು ಹೂಂ ನಂಬಿಕೊಂಡು ಜನರನ್ನು ಕೆಲಸಕ್ಕೆ ಸೇರಿಸಿಕೊಂಡೆವು, ಸಾಲ ಮಾಡಿದೆವು. ನಿಜ ಗೊತ್ತಾದ ಮೇಲೂ, ಬರೆದ ಕೋಡ್ ಬಿಸಾಡೋಕೆ ಮನಸ್ಸು ಬರದೆ ರಿಸೆಪ್ಷನಿಸ್ಟ್‌ಗಳಿಗೆ ಟ್ರೇನಿಂಗ್ ಕೊಡೋಕೆ ಹೊರಟೆವು. ದುಡ್ಡು ಖಾಲಿಯಾಯಿತು, ಅಂಗಡಿ ಮುಚ್ಚಿದೆವು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಕೋ-ಫೌಂಡರ್ ಮೊದಲಾ, ಫಂಡಿಂಗ್ ಮೊದಲಾ ಅಂದರೆ ಎರಡೂ ಅಲ್ಲ.

ದುಡ್ಡಿನಿಂದಲೇ ಆಗುವ ಹಾಗಿದ್ದರೆ ಮೊಬೈಲ್‌ಗೆ ಪುಟ್ಟಪುಟ್ಟ ವಿಡಿಯೋ ಕೊಡುತ್ತಿದ್ದ ಕ್ವಿಬಿ ಗೆಲ್ಲಬೇಕಿತ್ತು. ಅದರ ಹಿಂದೆ ಸಿನಿಮಾ ರಂಗದ ಜೆಫ್ರಿ ಕ್ಯಾಟ್ಜನ್‌ಬರ್ಗ್, ಆನ್‌ಲೈನ್ ಮಾರಾಟ ತಾಣ ಇಬೇ ನಡೆಸಿದ್ದ ಮೆಗ್ ವಿಟ್ಮನ್, ಕೈಯಲ್ಲಿ ಸುಮಾರು 1.75 ಬಿಲಿಯನ್ ಡಾಲರ್. 2020ರ ಏಪ್ರಿಲ್‌ನಲ್ಲಿ ಶುರುವಾಗಿ ಅದೇ ವರ್ಷದ ಕೊನೆಗೆ ಮುಚ್ಚಿತು. ಆದರೆ 2009ರಲ್ಲಿ, ಜನರ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯವರು ನ್ಯೂಯಾರ್ಕ್‌ನಲ್ಲಿ ವ್ಯಾಪಾರ ಯಾಕೆ ಆಗ್ತಿಲ್ಲ ಅಂತ ನೋಡಿದಾಗ, ಮನೆಗಳ ಫೋಟೋಗಳೇ ಕೆಟ್ಟದಾಗಿದ್ದವು. ಫೌಂಡರ್‌ಗಳೇ ಕ್ಯಾಮೆರಾ ಹಿಡಿದು ಮನೆಮನೆಗೆ ಹೋದರು. ಫೋಟೋ ತೆಗೆಯೋ ನೆಪದಲ್ಲಿ ಮನೆಯವರ ಕಷ್ಟಸುಖವೂ ಕಿವಿಗೆ ಬೀಳುತ್ತೆ ಅಲ್ವಾ?

ಕೋಡ್ ಬರಲ್ಲ ಅಂತ ಕಾಯುತ್ತಾ ಕೂರಬೇಡಿ. ಆನ್‌ಲೈನ್ ಶೂ ಅಂಗಡಿ ಜಾಪೋಸ್ ಶುರುವಾದಾಗ, 1999ರಲ್ಲಿ, ಅದನ್ನು ಶುರುಮಾಡಿದ ನಿಕ್ ಸ್ವಿನ್‌ಮರ್ನ್ ಹತ್ತಿರ ಒಂದು ಜೊತೆ ಶೂ ಕೂಡ ಸ್ಟಾಕ್ ಇರಲಿಲ್ಲ. ಅಂಗಡಿಗಳಲ್ಲಿ ಶೂಗಳ ಫೋಟೋ ತೆಗೆದು ವೆಬ್‌ಸೈಟ್‌ಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು. ಜನ ಆನ್‌ಲೈನ್‌ನಲ್ಲಿ ಶೂ ಕೊಳ್ಳುತ್ತಾರಾ ಅನ್ನೋದಕ್ಕೆ ಉತ್ತರ ಸಿಕ್ಕಿತು. ನಿಮ್ಮ ಆ್ಯಪ್ ಮಾಡಬೇಕಾದ ಕೆಲಸವನ್ನು ನೀವೇ ಫೋನ್, ವಾಟ್ಸ್ಆ್ಯಪ್, ಎಕ್ಸೆಲ್ ಇಟ್ಟುಕೊಂಡು ಕೆಲವರಿಗೆ ಮಾಡಿಕೊಡಿ. ಅದಕ್ಕೆ ದುಡ್ಡು ಕೇಳಿ, ಮುಲಾಜಿಲ್ಲದೆ. ಕೊಟ್ಟರೆ ಕೋ-ಫೌಂಡರ್ ಹುಡುಕೋದೂ ಸುಲಭ. ಒಳ್ಳೆ ಇಂಜಿನಿಯರ್‌ಗಳಿಗೆ ಐಡಿಯಾ ಹೊತ್ತು ಬರುವವರು ದಿನಾ ಸಿಗುತ್ತಾರೆ, ಗ್ರಾಹಕರನ್ನು ಕರೆದುಕೊಂಡು ಬರುವವರು ಅಪರೂಪ. ಕಳ್ಳತನದ ಭಯ ಬಿಡಿ. ನಿಮ್ಮ ಐಡಿಯಾಗೋಸ್ಕರ ಕೆಲಸ ಬಿಟ್ಟು ಕೂರುವಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಕೋ-ಫೌಂಡರ್ ಸಿಕ್ಕ ಮೇಲೆ ಒಂದೇ ಮಾತು: ವೆಸ್ಟಿಂಗ್ ಹಾಕಿಸಿ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕಂಪನಿಯ ಪಾಲು ಕೈಗೆ ಬರುತ್ತೆ. ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟುಹೋದವರಿಗೆ ಏನೂ ಸಿಗಲ್ಲ. ನಿಮಗೂ ಇದೇ ನಿಯಮ ಇರಲಿ, ಅವರಿಗೊಬ್ಬರಿಗೇ ಅಲ್ಲ. ಗೆಳೆಯ ಅಂತ ಸಂಕೋಚಪಟ್ಟು ಮುಂದೂಡಬೇಡಿ, ಕೆಲಸ ಶುರುಮಾಡುವ ಮುಂಚೆಯೇ ಸಹಿ ಆಗಲಿ.