ಒಂದೇ ನೋಟ್‌ಬುಕ್‌ನಲ್ಲಿ ನೀರೂ ಓಟೂ

ಇವರನ್ನು ಗಿರಿಜಾ ಅಂತ ಕರೆಯೋಣ. ವಯಸ್ಸು, ಮನೆಯವರ ಉದ್ಯೋಗ, ಓಣಿಯ ಗುರುತು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಊರನ್ನು ಮಾತ್ರ ಬದಲಿಸಲು ಆಗಲಿಲ್ಲ. ಹುಬ್ಬಳ್ಳಿಯ ನೀರಿನ ಕಥೆ ಬಿಟ್ಟರೆ ಇವರ ಕಥೆಯೇ ಇಲ್ಲ.

2008ರಿಂದ ಇಲ್ಲಿನ ಕೆಲವೇ ವಾರ್ಡ್‌ಗಳಿಗೆ ದಿನದ 24 ತಾಸೂ ನೀರು ಬರುತ್ತಿತ್ತು. ಉಳಿದವರು ಸವದತ್ತಿಯಿಂದ ಬರುವ ಮಲಪ್ರಭೆಯ ನೀರಿಗೆ ನಾಲ್ಕೈದು ದಿನ ಕಾಯಬೇಕಿತ್ತು, ಬೇಸಿಗೆಯಲ್ಲಿ ಎಂಟು ದಿನವೂ ಆಗುತ್ತಿತ್ತು. ನಳ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಹೆಂಗಸರು ಕೂಲಿಗೆ ಹೋಗುವುದೋ ಬಿಡುವುದೋ ಅಂತ ಲೆಕ್ಕ ಹಾಕುವ ಓಣಿ ಇವರದು. ಗಿರಿಜಾ ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕಟ್ಟಿಕೊಂಡು ನೀರಿನ ಸರದಿ ಬರೆದಿಟ್ಟರು, ವಾಲ್ವ್‌ಮನ್ ಜೊತೆ ಜಗಳ ಆಡಿದರು, ಪಾಲಿಕೆಗೆ ಅರ್ಜಿ ಕೊಟ್ಟರು. ವಿಧವಾ ವೇತನ, ರೇಷನ್ ಕಾರ್ಡು, ಆಸ್ಪತ್ರೆ ಕೆಲಸವೂ ಅದರ ಜೊತೆಗೇ ಬಂದವು. ಕೊರೋನಾ ಎರಡನೇ ಅಲೆಯಲ್ಲಿ ಮನೆಮನೆಗೆ ಅಕ್ಕಿ ಬೇಳೆ ಮುಟ್ಟಿಸಿದರು.

2019ರಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆ ಸದಸ್ಯರ ಅವಧಿ ಮುಗಿದಿತ್ತು. ಎರಡು ವರ್ಷಕ್ಕೂ ಜಾಸ್ತಿ ಚುನಾವಣೆ ಇಲ್ಲ. 2021ರ ಆಗಸ್ಟ್‌ನಲ್ಲಿ ದಿನಾಂಕ ಗೊತ್ತಾದಾಗ ಮಂದಿ ಮನೆಗೇ ಬಂದರು. "ಅಕ್ಕಾರ, ಈ ಸಲ ನೀವ ನಿಂದರಬೇಕ್ರಿ." ನಿಂತರು. ನಿಂತ ಮೇಲೆ ನಿದ್ದೆ ಹೋಯಿತು.

ಆಪ್ತಸಲಹೆಗೆ ನನ್ನ ಹತ್ತಿರ ಬಂದಾಗ ಅವರ ದೂರು ಹೊಟ್ಟೆಯಲ್ಲಿ ಉರಿ ಮತ್ತು ನಸುಕಿನ ಮೂರಕ್ಕೆ ಎಚ್ಚರ ಆಗುವುದು. ಎದ್ದ ತಕ್ಷಣ ವಾಟ್ಸಾಪ್. ಯಾರು ಗುಡ್ ಮಾರ್ನಿಂಗ್ ಕಳಿಸಿಲ್ಲ ಅಂತ ನೋಡುವುದು. ಮಗಳ ಮೇಲೆ ಕೂಗಾಡುವುದು. ಡಾಕ್ಟರು ಎಲ್ಲ ಸರಿಯಾಗಿದೆ ಅಂದಿದ್ದರು. ಉಸಿರಾಟದ ಅಭ್ಯಾಸ, ರಾತ್ರಿ ಫೋನ್ ಬೇರೆ ಕೋಣೆಯಲ್ಲಿ ಇಡುವುದು, ಸಂಜೆ ಆರರ ಮೇಲೆ ಚಹಾ ಬೇಡ ಅನ್ನುವುದನ್ನೆಲ್ಲ ಹೇಳಿದೆ. ಸ್ವಲ್ಪ ಉಪಯೋಗ ಆಯಿತು. ನಿಜವಾದ ತೊಡಕು ಅವರ ಬ್ಯಾಗಿನಲ್ಲಿತ್ತು.

ಮಾತಿನ ನಡುವೆ ಒಂದು ಉದ್ದ ನೋಟ್‌ಬುಕ್ ತೆಗೆದರು. ಮೂಲೆ ಸವೆದು, ಅರಿಶಿನದ ಕಲೆ ಬಿದ್ದಿತ್ತು. ಮನೆ ನಂಬರಿನ ಪ್ರಕಾರ ಹೆಸರು, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಒಂದೊಂದು ಸಾಲು. "ಪೆನ್ಶನ್ ಮೂರು ತಿಂಗಳಿಂದ ಬಂದಿಲ್ಲ." "ಸೊಸೆ ಹೆರಿಗೆ, ತಾಯಿ ಕಾರ್ಡ್ ಮಾಡಿಸಬೇಕು." "ನಳದ ಪೈಪು ಒಡೆದಿದೆ." ಅದೇ ಸಾಲುಗಳ ಮುಂದೆ ಈಗ ಕೆಂಪು ಪೆನ್ನು: "4 ಓಟು, ಖಾತ್ರಿ." "2, ಅನುಮಾನ." ಪೆನ್ಶನ್ ಬಾರದ ಮುದುಕಿಯ ಹೆಸರಿನ ಮುಂದೆ ಕೆಂಪಿನಲ್ಲಿ "ಇಲ್ಲ" ಅಂತ ಬರೆದು ಗೆರೆ ಎಳೆದಿದ್ದರು.

"ಈ ಅಜ್ಜಿಯ ಪೆನ್ಶನ್ ಬಂತಾ?" ಅಂತ ಕೇಳಿದೆ. ಗಿರಿಜಾ ತುಂಬ ಹೊತ್ತು ಪುಟ ನೋಡಿದರು. "ಗೊತ್ತಿಲ್ರೀ. ಆ ಮನಿಗೆ ಹೋಗೂದ ಬಿಟ್ಟೀನಿ."

ಅವರ ಹೊಟ್ಟೆಯ ಉರಿಗೆ ಇದೇ ಮೂಲ ಅಂತ ಅಂದು ನನಗೆ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಸೋಲಿನ ಭಯ ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ಜಾಸ್ತಿ, ತಾವು ಇಷ್ಟು ವರ್ಷ ಪ್ರೀತಿಯಿಂದ ನೋಡಿದ ಮುಖಗಳನ್ನು ಈಗ ಎಣಿಸುತ್ತಿದ್ದೇನೆ ಅನ್ನುವುದು ಒಳಗೇ ಕೊರೆಯುತ್ತಿತ್ತು. ಓಣಿಯವರೂ ಅದನ್ನೇ ತಿರುಗಿಸಿ ಹೇಳುತ್ತಿದ್ದರು. ಕೊರೋನಾದಲ್ಲಿ ಕೊಟ್ಟ ಅಕ್ಕಿಯೂ ಓಟಿಗಾಗಿಯೇ ಇತ್ತು ಅನ್ನುವ ಮಾತು ಹಬ್ಬಿತ್ತು. ಸಾಲದ್ದಕ್ಕೆ ವಾರ್ಡ್‌ಗಳು 67ರಿಂದ 82 ಆಗಿದ್ದವು. ಹೊಸ ಗಡಿಯಲ್ಲಿ ಅವರು ಕೆಲಸ ಮಾಡಿದ ಓಣಿಗಳು ಎರಡು ವಾರ್ಡ್‌ಗೆ ಹಂಚಿಹೋದವು. ರಸ್ತೆಯ ಆಚೆ ಬದಿಯವರು "ನಮ್ಮನ್ನ ಬಿಟ್ಟು ಹೋದ್ಲು" ಅಂದರು. ಗಡಿ ಇವರು ಹಾಕಿದ್ದಲ್ಲ, ಆದರೂ ಅದು ಇವರ ತಪ್ಪಿನ ಪಟ್ಟಿಗೆ ಸೇರಿತ್ತು.

ನಿಲ್ಲಬೇಕೋ ಬೇಡವೋ, ಹೇಗೆ ಗೆಲ್ಲಬೇಕು ಅನ್ನುವುದು ಆಪ್ತಸಲಹೆಯಲ್ಲಿ ನನ್ನ ಕೆಲಸವಲ್ಲ. ನಾನೂ ಇದೇ ಊರಿನ ಮತದಾರಳು, ಅದಕ್ಕೇ ಈ ಗೆರೆಯನ್ನು ಮೊದಲೇ ಹೇಳಿಬಿಟ್ಟೆ. ಕೊಟ್ಟ ಸಲಹೆ ಚಿಕ್ಕದು: ಎರಡು ನೋಟ್‌ಬುಕ್ ಮಾಡಿ. ಕೆಂಪು ಲೆಕ್ಕ ಹೊಸ ಪುಸ್ತಕಕ್ಕೆ ಹೋಗಲಿ, ಅದು ಪ್ರಚಾರ ನೋಡಿಕೊಳ್ಳುವ ತಮ್ಮನ ಕೈಯಲ್ಲಿ ಇರಲಿ. ನೀವು ಅದನ್ನು ಸಂಜೆ ಒಮ್ಮೆ ಅರ್ಧ ತಾಸು ನೋಡಿ, ಚಿಂತೆ ಮಾಡುವುದಿದ್ದರೂ ಆಗಲೇ ಮಾಡಿ. ಹಳೆಯದರಲ್ಲಿ ದಿನಕ್ಕೆ ಒಂದಾದರೂ ನೀಲಿ ಸಾಲು ಮುಗಿಸಿ, ಅದರಲ್ಲೂ ಕೆಂಪಿನಲ್ಲಿ "ಇಲ್ಲ" ಅಂತ ಇರುವ ಮನೆಯಿಂದ ಶುರು ಮಾಡಿ. ಇದು ಓಟು ತರುತ್ತದೆ ಅಂತ ಹೇಳುತ್ತಿಲ್ಲ, ಬಹುಶಃ ತರುವುದಿಲ್ಲ ಅಂತಲೂ ಸೇರಿಸಿದೆ. ನಕ್ಕರು. ಆ ಸಂಜೆ ಅಜ್ಜಿಯ ಮನೆಗೆ ಹೋದರು. ಅಜ್ಜಿ ಚೆನ್ನಾಗಿ ಬೈದು, ಆಮೇಲೆ ಪಾಸ್‌ಬುಕ್ ತಂದು ಮುಂದೆ ಇಟ್ಟರಂತೆ.

ಇನ್ನೊಂದು ಗಂಟು ಮನೆಯಲ್ಲಿತ್ತು. ಪಾಲಿಕೆಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಇವರ ವಾರ್ಡೂ ಮಹಿಳಾ ಮೀಸಲು. ಒಂದು ಪಕ್ಷದವರು ಟಿಕೆಟ್ ಮಾತಾಡಲು ಬಂದಾಗ ಗಿರಿಜಾ ಚಹಾ ತರಲು ಒಳಗೆ ಹೋದರು, ಅಷ್ಟರಲ್ಲಿ ಮಾತು ಗಂಡನ ಜೊತೆ ಮುಗಿದೇ ಹೋಗಿತ್ತು. "ಹೆಸರು ಅವರದಿರ್ಲಿ, ನೀವು ನೋಡ್ಕೊಳ್ರಿ." ಗಿರಿಜಾ ಟಿಕೆಟ್ ಬೇಡ ಅಂದು ಪಕ್ಷೇತರ ನಿಂತರು. ಅಂದಿನಿಂದ ಗಂಡ ಮಾತು ಕಡಿಮೆ ಮಾಡಿದ್ದರು.

ಅವರನ್ನೂ ಕರೆಸಿದೆ. ಕೆಟ್ಟ ಮನುಷ್ಯ ಅಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡೇ ಮಾತಾಡಿದರು. ಅವರಿಗೆ ಇದ್ದದ್ದು ಸಾಲದ ಭಯ, ಅಣ್ಣಂದಿರ ಚುಚ್ಚುಮಾತು, ಜೊತೆಗೆ ತನ್ನನ್ನು ಯಾರೂ ಏನೂ ಕೇಳಲಿಲ್ಲ ಅನ್ನುವ ಬೇಸರ. ಹೆಂಡತಿಯ ಬಂಗಾರ ಅಡ ಇಡುವ ಮಾತು ನಡೆದಿತ್ತು. ಅದು ಸಾಲದಿದ್ದರೆ ಸಂಘದ ಉಳಿತಾಯದಿಂದ ಸ್ವಲ್ಪ ತೆಗೆಯುವ ಮಾತೂ ಬಂದಿತ್ತು. ಗಿರಿಜಾ ಇದನ್ನು ನನಗೆ ಹೇಳಿರಲಿಲ್ಲ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಸಂಘದ ದುಡ್ಡು ಮುಟ್ಟಬೇಡಿ. ಸೋತರೆ ಆ ಹೆಂಗಸರ ಮುಂದೆ ಕೂರಲು ಜಾಗ ಇರುವುದಿಲ್ಲ, ಗೆದ್ದರೂ ಇರುವುದಿಲ್ಲ. ಚುನಾವಣೆ ಮುಗಿಯುವವರೆಗೆ ಸಂಘದ ಲೆಕ್ಕ, ಸಹಿ ಬೇರೆಯವರಿಗೆ ಬಿಡಿ. ಬಂಗಾರದ ವಿಷಯ ನಿಮ್ಮಿಬ್ಬರದು. ಆದರೆ ಮೇಲಿನ ಮಿತಿಯನ್ನು ಈಗಲೇ ಕಾಗದದಲ್ಲಿ ಬರೆಯಿರಿ, ಇಬ್ಬರೂ ಸಹಿ ಹಾಕಿ, ಆ ಕಾಗದ ಅಕ್ಕನ ಹತ್ತಿರ ಇರಲಿ. ಚುನಾವಣಾ ಖರ್ಚಿನ ಲೆಕ್ಕ ಹೇಗೂ ಬರೆದು ಕೊಡಬೇಕಲ್ವಾ, ಆ ಲೆಕ್ಕ ಬರೆಯುವ ಕೆಲಸ ಗಂಡನದು ಅಂತ ಅವರೇ ಒಪ್ಪಿದರು. ಯಾರಾದರೂ "ಯಜಮಾನರನ್ನ ಕೇಳ್ತೀವಿ" ಅಂದರೆ "ಅವ್ರನ್ನೇ ಕೇಳ್ರಿ" ಅಂತ ಹೇಳುವ ಜವಾಬ್ದಾರಿಯೂ ಅವರದೇ ಆಯಿತು. ಎಲ್ಲ ಕಡೆ ಹೇಳಿದರು ಅಂತ ನಾನು ನಂಬುವುದಿಲ್ಲ. ಒಂದೆರಡು ಕಡೆ ಹೇಳಿದ್ದನ್ನು ಗಿರಿಜಾ ಕಣ್ಣಾರೆ ನೋಡಿದ್ದಾರೆ.

ಎಣಿಕೆಯ ದಿನಕ್ಕೂ ಒಂದು ತಯಾರಿ ಮಾಡಿದೆವು. ಸೋತರೆ ಎಲ್ಲಿ ಇರುತ್ತೀರಿ, ಯಾರ ಜೊತೆ ಊಟ ಮಾಡುತ್ತೀರಿ, ಫೋನ್ ಯಾರ ಹತ್ತಿರ ಇರುತ್ತದೆ? ಗೆದ್ದರೆ ಇದೇ ಪ್ರಶ್ನೆಗಳಿಗೆ ಉತ್ತರ ಏನು? ಗೆಲುವಿನ ದಿನದ ಯೋಚನೆಯನ್ನು ಯಾರೂ ಮಾಡಿರುವುದಿಲ್ಲ, ಪಟಾಕಿಯ ಮಧ್ಯೆ ಕಂಗಾಲಾದವರನ್ನೂ ನೋಡಿದ್ದೇನೆ.

ಸೆಪ್ಟೆಂಬರ್ 3ಕ್ಕೆ ಮತದಾನ, 6ಕ್ಕೆ ಎಣಿಕೆ. ಆ ಸಲ ಪಕ್ಷೇತರರು ಆರು ಕಡೆ ಗೆದ್ದರು. ಗಿರಿಜಾ ಸೋತರು.

ಆಮೇಲೆ ಬಂದಾಗ ಅವರ ಕೈಯಲ್ಲಿ ಇನ್ನೊಂದು ಕಾಗದವಿತ್ತು, ಬೂತ್‌ವಾರು ಲೆಕ್ಕ. ತಮ್ಮ ಓಣಿಯ ಬೂತ್‌ನಲ್ಲೇ ಹಿಂದೆ ಬಿದ್ದಿದ್ದರು. ಯಾರು ಕೈಕೊಟ್ಟರು ಅಂತ ಮನೆಮನೆ ಗುಣಿಸುತ್ತಾ ಕೂತಿದ್ದರು. ಸೋತವರಿಗೆಲ್ಲ ಈ ಕಾಗದ ಹುಣ್ಣಿನ ಮೇಲಿನ ಹಕ್ಕಳೆಯ ಥರ, ಕೈ ಅಲ್ಲಿಗೇ ಹೋಗುತ್ತದೆ. ಒಂದು ಬೂತ್‌ಗೆ ಹಲವು ಓಣಿ ಸೇರುತ್ತವೆ, ಮತ ಗುಪ್ತ, ಈ ಅಂಕಿಯಿಂದ ಒಬ್ಬರ ಮನಸ್ಸೂ ಗೊತ್ತಾಗುವುದಿಲ್ಲ ಅಂತ ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ವಾದ ಬಿಟ್ಟು ಕೆಲಸ ಹೇಳಿದೆ: ದೀಪಾವಳಿ ಮುಗಿಯುವವರೆಗೆ ಈ ಕಾಗದವೂ ಕೆಂಪು ಪುಸ್ತಕವೂ ತಮ್ಮನ ಮನೆಯಲ್ಲೇ ಇರಲಿ. ಅಷ್ಟರೊಳಗೆ ಯಾರ ಜೊತೆಗೂ "ನೀವು ನನಗೆ ಹಾಕಿದ್ರಾ" ಅಂತ ಕೇಳುವಂತಿಲ್ಲ, ತಮಾಷೆಗೂ ಕೇಳಬಾರದು. ಅಳು ಬಂದರೆ ಅಳಿ, ಆದರೆ ಮಗಳಿಗೆ "ಜನ ಕೃತಘ್ನರು" ಅಂತ ಹೇಳಿಕೊಡಬೇಡಿ.

ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ, ಸಾಯಬೇಕು ಅನ್ನುವ ಯೋಚನೆ ಒಮ್ಮೆ ಬಂದರೂ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವ ಮಾತು ಗಂಡನ ಎದುರಿಗೇ ಆಗಿತ್ತು. ಅದರ ಅಗತ್ಯ ಬೀಳಲಿಲ್ಲ.

ದೀಪಾವಳಿ ಆದ ಮೇಲೆ ಕಾಗದ ವಾಪಸ್ ಕೇಳಿದರಾ ಅಂದರೆ, ಕೇಳಿದರು. ಮತ್ತೆ ಗುಣಿಸಿಯೂ ನೋಡಿದರು, ಆದರೆ ರಾತ್ರಿ ನಿದ್ದೆ ಬಂತು ಅಂದರು. ಮುಂದಿನ ಸಲ ನಿಲ್ಲುವ ಮಾತು ಮನೆಯಲ್ಲಿ ಆಗಲೇ ಶುರುವಾಗಿತ್ತು. ಬಂಗಾರ ಬಿಡಿಸಿಕೊಳ್ಳುವವರೆಗೆ ಆ ವಿಷಯ ಎತ್ತಬಾರದು ಅನ್ನುವುದು ಗಂಡನ ಷರತ್ತು. ಷರತ್ತಿಗೆ ಗಿರಿಜಾ ಸಹಿ ಹಾಕಿದ್ದಾರೆ, ಕಾಗದ ಅಕ್ಕನ ಹತ್ತಿರ ಇದೆ.